ಪೋಯಮ್ ಆದ ಮೇಲೆ ನಾನು ಏನು ಕೇಳುತ್ತೇನೆ

ಅಕಲೇಸಿಯಾ ಎಂಬ ನುಂಗುವ ತೊಂದರೆ ಇರುವವರು ನನ್ನ ಹತ್ತಿರ ಬರುವ ಹೊತ್ತಿಗೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ತಿಂದಿರುತ್ತಾರೆ. ವರ್ಷಕ್ಕೆ ಲಕ್ಷದಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ, ಬೇಗ ಯಾರಿಗೂ ಹೊಳೆಯುವುದಿಲ್ಲ. ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗುವುದಿಲ್ಲ. ಊಟವನ್ನು ಕೆಳಗೆ ತಳ್ಳುವ ಚಲನೆಯೂ ಕೆಟ್ಟಿರುತ್ತದೆ. ಮಡಿಕೇರಿಯಲ್ಲಿ ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ ಮುಗಿಸಿ, ನಾಳದ ಒತ್ತಡ ಅಳೆಯುವ ಮ್ಯಾನೋಮೆಟ್ರಿಗೂ, ಪೋಯಮ್ (POEM) ಎಂಬ ಎಂಡೋಸ್ಕೋಪ್ ಚಿಕಿತ್ಸೆಗೂ ನಾನು ಮೈಸೂರಿಗೆ ಇಳಿಯುತ್ತೇನೆ.

ಜಪಾನಿನ ಡಾಕ್ಟರ್ ಇನೊವೆ 2008ರಲ್ಲಿ ಶುರು ಮಾಡಿದ ವಿಧಾನ ಪೋಯಮ್. ಬಾಯಿಯಿಂದಲೇ ಎಂಡೋಸ್ಕೋಪ್ ಇಳಿಸಿ, ಒಳಪದರದ ಅಡಿಯಲ್ಲಿ ಸುರಂಗ ಮಾಡಿ, ಬಿಗಿದ ಸ್ನಾಯುವನ್ನು ಕತ್ತರಿಸುತ್ತೇವೆ. ಆಮೇಲೆ ಸೀಳಿಗೆ ಕ್ಲಿಪ್ ಹಾಕುತ್ತೇವೆ. ಹೊರಗೆ ಗಾಯವಿಲ್ಲ.

ಫಲಿತಾಂಶ ಅಳೆಯುವುದೇ ಕಷ್ಟದ ಕೆಲಸ. "ಪರವಾಗಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಆ ಮಾತನ್ನು ನಾನು ಸುಮ್ನೆ ನಂಬುವುದಿಲ್ಲ. ತುತ್ತಿಗೊಂದು ಗುಟುಕು ನೀರು ಕುಡಿದು ಅಭ್ಯಾಸವಾದವರಿಗೆ ಅದೇ ಸಹಜ ಅನಿಸಿರುತ್ತದೆ. ಹಾಗಾಗಿ ಬೇರೆ ರೀತಿ ಕೇಳುತ್ತೇನೆ: ಅಕ್ಕಿ ರೊಟ್ಟಿಗೆ ಎಷ್ಟು ಲೋಟ ನೀರು ಬೇಕು? ಮದುವೆ ಮನೆಯಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಿಂದು ಉಳಿದವರ ಜೊತೆಗೇ ಏಳುತ್ತೀರಾ? ಎಷ್ಟೋ ಜನ ಮದುವೆಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ಎಕಾರ್ಡ್ಟ್ ಸ್ಕೋರ್ ಲೆಕ್ಕ ಆಮೇಲೆ. ನುಂಗುವ ಕಷ್ಟ, ಊಟ ವಾಪಸ್ ಬರುವುದು, ಎದೆನೋವು, ತೂಕ ಇಳಿಯುವುದು, ಒಂದೊಂದಕ್ಕೂ 3ರವರೆಗೆ ಅಂಕ. ಒಟ್ಟು 3 ಅಥವಾ ಕಡಿಮೆ ಇದ್ದರೆ ಗುಣ ಸಿಕ್ಕಿದೆ ಎಂದರ್ಥ. ಜೊತೆಗೆ ಬೇರಿಯಂ ಕುಡಿಸಿ, ನಿಲ್ಲಿಸಿ, 5 ನಿಮಿಷದ ನಂತರ ಎಷ್ಟು ಉಳಿದಿದೆ ನೋಡುತ್ತೇನೆ. ಬಾಯಲ್ಲಿ "ಆರಾಮ" ಅಂದವರ ನಾಳದಲ್ಲೂ ಕೆಲವೊಮ್ಮೆ ಬೇರಿಯಂ ನಿಂತಿರುತ್ತದೆ.

2019ರಲ್ಲಿ ಎರಡು ಒಳ್ಳೆಯ ಅಧ್ಯಯನಗಳು ಬಂದವು. ಒಂದರಲ್ಲಿ ಎರಡು ವರ್ಷದ ಬಳಿಕ ಪೋಯಮ್ ಆದವರಲ್ಲಿ ಶೇ. 92 ಮಂದಿಗೆ ಗುಣ, ಬಿಗಿದ ಸ್ನಾಯುವನ್ನು ಬಲೂನ್‌ನಿಂದ ಹಿಗ್ಗಿಸಿಕೊಂಡವರಲ್ಲಿ ಶೇ. 54. ಇನ್ನೊಂದರಲ್ಲಿ ಪೋಯಮ್ ಮತ್ತು ಹೊಟ್ಟೆಗೆ ಸಣ್ಣ ತೂತು ಮಾಡಿ ಮಾಡುವ ಲ್ಯಾಪರೊಸ್ಕೋಪಿ ಆಪರೇಷನ್ ಹೆಚ್ಚುಕಡಿಮೆ ಸಮ, ಶೇ. 83 ಮತ್ತು 82. ಆದರೆ ಆಸಿಡ್‌ನಿಂದ ನಾಳ ಹುಣ್ಣಾಗುವುದು ಪೋಯಮ್‌ನಲ್ಲೇ ಜಾಸ್ತಿ: ಶೇ. 44, ಆಪರೇಷನ್‌ನಲ್ಲಿ 29.

ಇದನ್ನು ರೋಗಿಗೆ ಮೊದಲೇ ಹೇಳಬೇಕು. ಬಾಗಿಲು ತೆರೆದರೆ ಎರಡೂ ಕಡೆಯಿಂದ ಓಡಾಟ ಇರುತ್ತದೆ, ಅಲ್ವಾ? "ಚಿಕಿತ್ಸೆ ಆಯ್ತಲ್ಲ, ಮತ್ತೆ ಆಸಿಡ್ ಮಾತ್ರೆ ಯಾಕೆ?" ಎಂದು ಕೇಳುತ್ತಾರೆ. ಎದೆಯುರಿ ಇಲ್ಲದಿದ್ದರೂ ಒಳಗೆ ಹುಣ್ಣು ಇರಬಹುದು. ಅದಕ್ಕೇ ಎಲ್ಲರಿಗೂ ಮತ್ತೆ ಎಂಡೋಸ್ಕೋಪಿ ಮಾಡುತ್ತೇನೆ. ಉಂಡ ಕೂಡಲೇ ಮಲಗಬೇಡಿ ಅನ್ನುತ್ತೇನೆ. ಕತ್ತರಿಸಿದ ಮಾತ್ರಕ್ಕೆ ನಾಳದ ಚಲನೆ ಮರಳುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ, ಊಟ ಹೆಚ್ಚಾಗಿ ತನ್ನ ಭಾರದಿಂದಲೇ ಇಳಿಯಬೇಕು. ಸ್ಕೋರ್ ಮತ್ತೆ ಏರಿದರೆ ಬೇರಿಯಂ ನೋಡಿ, ಬಲೂನ್ ಸಾಕೋ ಇನ್ನೊಮ್ಮೆ ಪೋಯಮ್ ಬೇಕೋ ಎಂದು ಆಗ ತೀರ್ಮಾನಿಸುತ್ತೇನೆ.