ದುಬಾರಿ ಟ್ಯಾಬ್ಲೆಟ್ ಏನು ಮಾಡುತ್ತೆ, ಏನು ಮಾಡಲ್ಲ: ಕೊಳ್ಳುವ ಮುಂಚೆ ನೋಡಿಕೊಳ್ಳಬೇಕಾದ್ದು

ಟ್ಯಾಬ್ಲೆಟ್ (ಪೆನ್ನಿನಿಂದ ಚಿತ್ರ ಬಿಡಿಸುವ ಎಲೆಕ್ಟ್ರಾನಿಕ್ ಹಲಗೆ) ಮೇಲೆ ಡಿಜಿಟಲ್ ಚಿತ್ರ ಬಿಡಿಸುವವರ ಬಗ್ಗೆ ಎರಡು ಮಾತು ಪದೇ ಪದೇ ಕಿವಿಗೆ ಬೀಳುತ್ತವೆ. "ಅಷ್ಟು ದುಬಾರಿ ಟ್ಯಾಬ್ಲೆಟ್ ಇದ್ರೆ ಯಾರು ಬೇಕಾದ್ರೂ ಬಿಡಿಸ್ತಾರೆ" ಅನ್ನೋದು ಒಂದು. "ನನ್ನ ಹತ್ರ ಅಂಥದ್ದಿಲ್ಲ, ಅದಕ್ಕೇ ನನ್ನ ಚಿತ್ರ ಹೀಗಿದೆ" ಅನ್ನೋದು ಇನ್ನೊಂದು. ಹೇಳುವವರು ಬೇರೆ ಬೇರೆ, ಆದರೆ ನಂಬಿಕೆ ಒಂದೇ. ಚಿತ್ರ ಸಾಧನದಿಂದ ಬರುತ್ತದೆ ಅಂತ. ಮೊದಲನೆಯ ಮಾತು ವರ್ಷಗಟ್ಟಲೆ ಕೈ ಪಳಗಿಸಿಕೊಂಡವರಿಗೆ ನೋವು ಕೊಡುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು, ಕಲಿಯಬೇಕು ಅಂತ ಆಸೆ ಇರುವವರನ್ನು ಶುರು ಮಾಡೋಕೇ ಬಿಡುವುದಿಲ್ಲ. ಹಾಗಾಗಿ ನಿಮ್ಮ ತೊಡಕು ಸಾಧನದ್ದೋ ಕೈಯದ್ದೋ ಅಂತ ಕಂಡುಕೊಳ್ಳುವುದು ಹೇಗೆ, ಕೊಳ್ಳುವುದೇ ಆದರೆ ಯಾವುದಕ್ಕೆ ದುಡ್ಡು ಹಾಕಬೇಕು, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಟ್ಯಾಬ್ಲೆಟ್ ಮಾಡುವ ಕೆಲಸ ಏನು ಅಂತ ನೋಡಿ. ಪೆನ್ನಿನ ತುದಿ ಎಲ್ಲಿದೆ, ಎಷ್ಟು ಒತ್ತಿದ್ದೀರಿ, ಕೆಲವು ಮಾಡೆಲ್‌ಗಳಲ್ಲಿ ಯಾವ ಕಡೆ ವಾಲಿಸಿದ್ದೀರಿ, ಇಷ್ಟನ್ನು ಸೆಕೆಂಡಿಗೆ ನೂರಾರು ಸಲ ಅಳೆದು ಕಂಪ್ಯೂಟರಿಗೆ ತಿಳಿಸುತ್ತದೆ. ಅಷ್ಟೇ. ಮುಖದಲ್ಲಿ ಕಣ್ಣು ಎಲ್ಲಿ ಬರಬೇಕು, ಬೆಳಕು ಎಡಗಡೆಯಿಂದ ಬಂದರೆ ಮೂಗಿನ ನೆರಳು ಎಲ್ಲಿ ಬೀಳಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ. "ಸ್ಟೆಬಿಲೈಸರ್ ಇದೆಯಲ್ಲ, ಅದೇ ಗೆರೆ ಸರಿ ಮಾಡುತ್ತೆ" ಅಂತ ಕೆಲವರು ಹೇಳುತ್ತಾರೆ. ನಡುಗಿದ ಗೆರೆಯನ್ನು ಅದು ನಯ ಮಾಡುತ್ತದೆ, ನಿಜ. ತಪ್ಪು ಜಾಗದಲ್ಲಿ ಎಳೆದ ಗೆರೆ ನಯವಾದರೂ ತಪ್ಪು ಜಾಗದಲ್ಲೇ ಇರುತ್ತದೆ ಅಲ್ವಾ? ಇನ್ನು ಸ್ಟೆಬಿಲೈಸರ್, ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಗಳಂಥ ಪದರ), ಅಂಡೂ (ಮಾಡಿದ್ದನ್ನು ಹಿಂದಕ್ಕೆ ತೆಗೆಯುವುದು) ಎಲ್ಲ ಇರುವುದು ಸಾಫ್ಟ್‌ವೇರಿನಲ್ಲಿ. ಉಚಿತವಾಗಿ ಸಿಗುವ ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲೂ ಅವೆಲ್ಲ ಇವೆ. ದುಬಾರಿ ಟ್ಯಾಬ್ಲೆಟ್ ಇದ್ದವರಿಗೆ ಮಾತ್ರ ಸಿಗುವ ಗುಟ್ಟು ಇದರಲ್ಲಿ ಏನೂ ಇಲ್ಲ.

ಇಂಗ್ಲೆಂಡಿನ ಚಿತ್ರಕಾರ ಡೇವಿಡ್ ಹಾಕ್ನಿ 2009ರ ಹೊತ್ತಿಗೆ ಫೋನಿನ ಪುಟ್ಟ ಸ್ಕ್ರೀನ್ ಮೇಲೆ ಬೆರಳಿನಿಂದಲೇ ಬಿಡಿಸುತ್ತಿದ್ದರು. 2010ರಲ್ಲಿ ಐಪ್ಯಾಡ್ ಬಂದಾಗ ಅದಕ್ಕೆ ಬದಲಾದರು. ಆ ಚಿತ್ರಗಳು 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆ ಮೇಲೆ ದೊಡ್ಡದಾಗಿ ಮುದ್ರಣವಾಗಿ ನಿಂತವು. ಒತ್ತಡ ಗುರುತಿಸುವ ಐಪ್ಯಾಡ್ ಪೆನ್, ಅಂದರೆ ಆ್ಯಪಲ್ ಪೆನ್ಸಿಲ್, ಬಂದದ್ದು 2015ರಲ್ಲಿ, ಅಂದರೆ ಆಮೇಲೆ. "ಅವರು ಹಾಕ್ನಿ, ಅವರಿಗೆ ಅರ್ಧ ಶತಮಾನದ ಅಭ್ಯಾಸ ಇತ್ತು" ಅಂತೀರಾ? ನಾನು ಹೇಳುತ್ತಿರುವುದೂ ಅದನ್ನೇ. ಜಪಾನಿನ ತಾತ್ಸುವೊ ಹೊರಿಉಚಿ ಅವರು ಎಕ್ಸೆಲ್‌ನಲ್ಲಿ ಬೆಟ್ಟ, ಮರ, ನದಿಗಳ ಚಿತ್ರ ಬಿಡಿಸುತ್ತಾರೆ. ಹೌದು, ಲೆಕ್ಕ ಬರೆಯುವ ಅದೇ ಎಕ್ಸೆಲ್. ಅದರಲ್ಲಿರುವ ಆಕಾರಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಅವರ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ.

ಈಗ ಪರೀಕ್ಷೆಗೆ ಬರೋಣ. ನಿಮ್ಮ ಎಡಗೈಯನ್ನೋ ಒಂದು ಬಟ್ಟಲನ್ನೋ ಎದುರಿಗಿಟ್ಟುಕೊಂಡು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬಿಡಿಸಿ. ಅದನ್ನೇ ಈಗ ನಿಮ್ಮ ಹತ್ತಿರ ಇರುವ ಟ್ಯಾಬ್ಲೆಟ್ ಅಥವಾ ಫೋನಿನಲ್ಲಿ ಬಿಡಿಸಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಒಂದೇ ತಪ್ಪು ಇದ್ದರೆ, ಅಂದರೆ ಬೆರಳು ಉದ್ದ ಆಗಿದ್ದರೆ, ಬಟ್ಟಲಿನ ಬಾಯಿ ವಾಲಿದ್ದರೆ, ಹೊಸ ಸಾಧನ ಅದನ್ನು ಸರಿ ಮಾಡುವುದಿಲ್ಲ. ನೋಡಿ ಬಿಡಿಸುವ ಅಭ್ಯಾಸ ಬೇಕು, ಕಾಗದ ಪೆನ್ಸಿಲ್ ಸಾಕು. ಕಾಗದದ ಮೇಲೆ ಚೆನ್ನಾಗಿ ಬಂದು ಟ್ಯಾಬ್ಲೆಟ್‌ನಲ್ಲಿ ಮಾತ್ರ ಕೆಟ್ಟರೆ ಮುಂದೆ ಓದಿ.

ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್ ಆದರೆ ಮೊದಮೊದಲು ಕೆಡುವುದು ಸಹಜ. ಕೈ ಮೇಜಿನ ಮೇಲೆ, ಕಣ್ಣು ಎದುರಿನ ಮಾನಿಟರ್ ಮೇಲೆ. ಮೆದುಳಿಗೆ ಇದು ಒಗ್ಗಲು ಸಮಯ ಬೇಕು. ದಿನಾ ಸ್ವಲ್ಪ ಹೊತ್ತು ಬರೀ ಗೆರೆ, ವೃತ್ತ ಎಳೆಯುತ್ತಾ ಕೆಲವು ವಾರ ಕೊಡಿ. ಎರಡೇ ದಿನಕ್ಕೆ "ಇದು ಆಗಲ್ಲ, ಸ್ಕ್ರೀನ್ ಇರೋದೇ ಬೇಕು" ಅಂತ ತೀರ್ಮಾನಿಸುವವರು ತುಂಬಾ ಜನ, ಅದು ಅವಸರದ ತೀರ್ಮಾನ.

ಆಮೇಲೆ ಸೆಟ್ಟಿಂಗ್ ನೋಡಿ. ಡ್ರೈವರ್‌ನಲ್ಲಿ (ಟ್ಯಾಬ್ಲೆಟನ್ನು ಕಂಪ್ಯೂಟರ್ ಜೊತೆ ಹೊಂದಿಸುವ ಸಾಫ್ಟ್‌ವೇರ್) ಟ್ಯಾಬ್ಲೆಟ್‌ನ ಜಾಗಕ್ಕೂ ಮಾನಿಟರ್‌ಗೂ ಉದ್ದಗಲದ ಅನುಪಾತ ಒಂದೇ ಇರಬೇಕು. ಇಲ್ಲದಿದ್ದರೆ ನೀವು ದುಂಡಗೆ ಎಳೆದ ವೃತ್ತ ಸ್ಕ್ರೀನ್ ಮೇಲೆ ಮೊಟ್ಟೆಯಾಗುತ್ತದೆ, ತಪ್ಪು ನಿಮ್ಮದೇ ಅಂತ ನೀವು ಕೊರಗುತ್ತಾ ಕೂರುತ್ತೀರಿ. ಒಂದು ಬಳೆಯನ್ನೋ ಮುಚ್ಚಳವನ್ನೋ ಟ್ಯಾಬ್ಲೆಟ್ ಮೇಲಿಟ್ಟು ಅದರ ಸುತ್ತ ಪೆನ್ ಆಡಿಸಿ, ತಕ್ಷಣ ಗೊತ್ತಾಗುತ್ತದೆ. ಒತ್ತಡದ ಕರ್ವ್, ಅಂದರೆ ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಅನ್ನುವ ಸೆಟ್ಟಿಂಗ್, ಅದನ್ನೂ ಬದಲಾಯಿಸಿ ನೋಡಿ. ತುಂಬಾ ಒತ್ತಿದರೆ ಮಾತ್ರ ಗೆರೆ ದಪ್ಪ ಆಗುತ್ತಿದ್ದರೆ ಅದನ್ನು ಮೃದು ಮಾಡಿಕೊಳ್ಳಿ, ಮಣಿಕಟ್ಟು ಉಳಿಯುತ್ತದೆ. ವಿಂಡೋಸ್‌ನಲ್ಲಿ ಒತ್ತಡ ಕೆಲಸವೇ ಮಾಡದಿದ್ದರೆ ಡ್ರೈವರ್‌ನಲ್ಲಿರುವ ವಿಂಡೋಸ್ ಇಂಕ್ (ವಿಂಡೋಸ್‌ನದೇ ಪೆನ್ ವ್ಯವಸ್ಥೆ) ಆಯ್ಕೆಯನ್ನು ಒಮ್ಮೆ ತೆಗೆದು, ಒಮ್ಮೆ ಹಾಕಿ ಪರೀಕ್ಷಿಸಿ. ಗೆರೆ ಚೌಕ ಚೌಕವಾಗಿ ಒಡೆದು ಕಂಡರೆ ಕ್ಯಾನ್ವಾಸ್, ಅಂದರೆ ಬಿಡಿಸುವ ಹಾಳೆಯ ಪಿಕ್ಸೆಲ್ ಅಳತೆ, ಚಿಕ್ಕದಾಗಿದೆ ಅಂತ ಅರ್ಥ. ಎ4 ಕಾಗದಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮುದ್ರಿಸಬೇಕಾದರೆ 2480 × 3508 ಪಿಕ್ಸೆಲ್ ಬೇಕು. ಗೆರೆ ಪೆನ್ನಿನ ಹಿಂದೆ ಎಳೆದಾಡಿಕೊಂಡು ಬಂದರೆ ಹೆಚ್ಚಿನ ಸಲ ಕಾರಣ ಕಂಪ್ಯೂಟರ್, ಟ್ಯಾಬ್ಲೆಟ್ ಅಲ್ಲ. ಲೇಯರ್ ಕಡಿಮೆ ಮಾಡಿ, ಬ್ರಷ್ ಚಿಕ್ಕದು ಮಾಡಿ ನೋಡಿ.

ಇಷ್ಟೆಲ್ಲಾ ಆದಮೇಲೂ ಅನುಮಾನ ಇದ್ದರೆ ಇದೊಂದು ಮಾಡಿ. ಸ್ಟೆಬಿಲೈಸರ್ ಆಫ್ ಮಾಡಿ, ಟ್ಯಾಬ್ಲೆಟ್ ಮೇಲೆ ಸ್ಕೇಲನ್ನು ಓರೆಯಾಗಿ ಇಟ್ಟು, ಅದರ ಅಂಚಿಗೇ ನಿಧಾನವಾಗಿ ಗೆರೆ ಎಳೆಯಿರಿ. ಸ್ಕೇಲ್ ಹಿಡಿದೂ ಗೆರೆ ಅಲೆ ಅಲೆಯಾಗಿ ಬಂದರೆ ಅದು ನಿಜಕ್ಕೂ ಸಾಧನದ ದೋಷ. ಈಗ ಬೇರೆಯದನ್ನು ಯೋಚಿಸಬಹುದು.

ಕೊಳ್ಳುವಾಗ ಒತ್ತಡದ ಹಂತಗಳ, ಅಂದರೆ ಪೆನ್ ಒತ್ತಿದ್ದನ್ನು ಎಷ್ಟು ಹಂತವಾಗಿ ಗುರುತಿಸುತ್ತದೆ ಅನ್ನುವ, ಸಂಖ್ಯೆಗೆ ಮರುಳಾಗಬೇಡಿ. 8192, 16384 ಅಂತ ದೊಡ್ಡದಾಗಿ ಬರೆದಿರುತ್ತಾರೆ. 2004ರಲ್ಲಿ ಬಂದ ವೇಕಮ್ ಕಂಪನಿಯ ಇಂಟುವಾಸ್ 3 ಟ್ಯಾಬ್ಲೆಟ್‌ನಲ್ಲಿ ಇದ್ದದ್ದು 1024 ಹಂತ, ವೃತ್ತಿಪರರು ಅದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದರು. ನನ್ನ ಪ್ರಕಾರ ಆ ಸಂಖ್ಯೆಗಿಂತ ಪೆನ್ ಎಷ್ಟು ಮೆಲ್ಲಗೆ ತಾಕಿದರೆ ಗೆರೆ ಶುರುವಾಗುತ್ತದೆ ಅನ್ನೋದು ಮುಖ್ಯ. ಅದನ್ನು ಕೈಯಲ್ಲಿ ಹಿಡಿದೇ ತಿಳಿಯಬೇಕು. ಅಳತೆಯೂ ಮುಖ್ಯ. ಚಿಕ್ಕ ಟ್ಯಾಬ್ಲೆಟ್‌ನಲ್ಲಿ ಮಣಿಕಟ್ಟು ಮಾತ್ರ ಆಡುತ್ತದೆ, ಮಧ್ಯಮ ಅಳತೆಯದರಲ್ಲಿ ಮೊಣಕೈಯಿಂದ ಎಳೆಯಬಹುದು. ಉದ್ದ ಗೆರೆ ಎಳೆಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಹಾಗಾದರೆ ಜಾಸ್ತಿ ದುಡ್ಡಿಗೆ ಸಿಗುವುದೇನು? ಸ್ಕ್ರೀನ್ ಇರುವುದಾದರೆ ಗಾಜಿಗೂ ಚಿತ್ರಕ್ಕೂ ನಡುವಿನ ಅಂತರ ಕಡಿಮೆ ಇರುತ್ತದೆ, ಪೆನ್ ಇಟ್ಟಲ್ಲೇ ಗೆರೆ ಬರುತ್ತದೆ. ಬಣ್ಣ ನಂಬುವ ಹಾಗಿರುತ್ತದೆ. ಮುದ್ರಣಕ್ಕೆ ಕೆಲಸ ಮಾಡುವವರಿಗೆ ಇದು ಶೋಕಿಯಲ್ಲ, ತಪ್ಪು ಬಣ್ಣ ಅಚ್ಚಾದರೆ ಕೆಲಸವೇ ವಾಪಸ್ ಬರುತ್ತದೆ. ದಿನಕ್ಕೆ ಎಂಟು ಗಂಟೆ ಬಿಡಿಸುವವರಿಗೆ ಕುತ್ತಿಗೆ, ಬೆನ್ನು, ಮಣಿಕಟ್ಟು ಉಳಿಸಿಕೊಳ್ಳುವುದೂ ಕೆಲಸದ ಭಾಗ. ಕೈ ನಡುಗುವವರಿಗೆ, ಕೀಲು ನೋವು ಇರುವವರಿಗೆ ಒಳ್ಳೆಯ ಪೆನ್ ಇಲ್ಲದಿದ್ದರೆ ಬಿಡಿಸುವುದೇ ನಿಂತುಹೋಗಬಹುದು. ಇದನ್ನೆಲ್ಲ ಕೇಳದೆ "ದುಡ್ಡಿರೋರ ಆಟ" ಅಂದುಬಿಡುವುದು ಅನ್ಯಾಯ.

ಇನ್ನೂ ಒಂದು ವಿಷಯವನ್ನು ಜನ ತಿರುಗಮುರುಗ ಮಾಡಿಕೊಳ್ಳುತ್ತಾರೆ. ದೊಡ್ಡ ಸ್ಕ್ರೀನಿನ ಮುಂದೆ ಕೂತ ಕಲಾವಿದರನ್ನು ನೋಡಿ, ಸ್ಕ್ರೀನ್ ಇರುವುದರಿಂದ ಚಿತ್ರ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಜನರ ವಿಷಯದಲ್ಲಿ ಚಿತ್ರ ಮೊದಲು ಚೆನ್ನಾಗಿತ್ತು, ಅದರಿಂದ ಕೆಲಸ ಸಿಕ್ಕಿತು, ಆ ಸಂಪಾದನೆಯಲ್ಲಿ ಸ್ಕ್ರೀನ್ ಬಂತು. ಅವರ ಹಳೆಯ ಚಿತ್ರಗಳನ್ನು ಹುಡುಕಿ ನೋಡಿದರೆ ನಿಮಗೇ ಕಾಣುತ್ತದೆ. ಹಾಗೆಯೇ ಹವ್ಯಾಸಕ್ಕೆ ಬಿಡಿಸುವ ಒಬ್ಬರು ತಮ್ಮ ದುಡ್ಡಿನಲ್ಲಿ ದುಬಾರಿ ಟ್ಯಾಬ್ಲೆಟ್ ತಗೊಂಡರೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಸಾಧನ ಚೆನ್ನಾಗಿದೆ ಅಂತ ಖುಷಿಯಿಂದ ದಿನಾ ಬಿಡಿಸಿದರೆ ಅದೇ ಲಾಭ.

ಯಾರದಾದರೂ ಚಿತ್ರ ಇಷ್ಟವಾದರೆ ಅದನ್ನು ಮಾಡುವ ವಿಡಿಯೋ ಇದ್ದರೆ ನೋಡಿ. ಐಪ್ಯಾಡ್‌ನ ಚಿತ್ರ ಬಿಡಿಸುವ ಆ್ಯಪ್ ಪ್ರೊಕ್ರಿಯೇಟ್ ಅದನ್ನು ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ, ಕ್ರಿಟಾದಲ್ಲೂ ಆ ಸೌಲಭ್ಯ ಇದೆ. ಒಂದು ಕೈಯನ್ನು ಎಷ್ಟು ಸಲ ಅಳಿಸಿ ಬಿಡಿಸಿದ್ದಾರೆ, ಬಣ್ಣ ಹೇಗೆ ಬದಲಾಯಿಸಿದ್ದಾರೆ ಅಂತ ಗಮನಿಸಿ. "ಯಾವ ಟ್ಯಾಬ್ಲೆಟ್?" ಅಂತ ಕೇಳುವುದು ತಪ್ಪಲ್ಲ. ಆದರೆ ಅದರ ಜೊತೆ "ಈ ನೆರಳಿಗೆ ನೀಲಿ ಯಾಕೆ ಹಾಕಿದ್ರಿ?" ಅಂತಲೂ ಕೇಳಿ. ಕಲಿಯೋಕೆ ಸಿಗುವುದು ಆ ಉತ್ತರದಲ್ಲಿ, ಕಲಾವಿದರಿಗೂ ತಮ್ಮ ಕೆಲಸವನ್ನು ಯಾರೋ ನಿಜವಾಗಿ ನೋಡಿದರು ಅನ್ನಿಸುತ್ತದೆ.

ಬಜೆಟ್ ಕಡಿಮೆ ಇದ್ದರೆ ಬಳಸಿದ ಟ್ಯಾಬ್ಲೆಟ್ ಕೊಳ್ಳುವುದು ಒಳ್ಳೆಯ ದಾರಿ. ಕೊಳ್ಳುವ ಮುಂಚೆ ಆ ಮಾಡೆಲ್‌ಗೆ ನಿಮ್ಮ ಕಂಪ್ಯೂಟರಿನ ಈಗಿನ ಆವೃತ್ತಿಯಲ್ಲಿ ಡ್ರೈವರ್ ಸಿಗುತ್ತದಾ ಅಂತ ಕಂಪನಿಯ ಪುಟದಲ್ಲಿ ನೋಡಿ. ನಾಲ್ಕೂ ಮೂಲೆಗಳಲ್ಲಿ ಗೆರೆ ಎಳೆದು ನೋಡಿ, ಮೆಲ್ಲಗೆ ಒಮ್ಮೆ, ಒತ್ತಿ ಒಮ್ಮೆ. ಕೇಬಲ್ ಅಲುಗಾಡಿಸಿದರೆ ಸಂಪರ್ಕ ತಪ್ಪುತ್ತದಾ ಪರೀಕ್ಷಿಸಿ. ಪೆನ್ ಅದೇ ಮಾಡೆಲ್‌ನದ್ದಾ, ಅದಕ್ಕೆ ಬದಲಿ ನಿಬ್ (ಪೆನ್ನಿನ ತುದಿ) ಇನ್ನೂ ಸಿಗುತ್ತದಾ ಅಂತಲೂ ವಿಚಾರಿಸಿ. ನಿಬ್ ಸವೆಯುವುದು ಸಹಜ. ಪೆನ್ನೇ ಕೆಟ್ಟು ಬದಲಿ ಸಿಗದಿದ್ದರೆ ಟ್ಯಾಬ್ಲೆಟ್ ಎಷ್ಟು ಚೆನ್ನಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ.