ಓಪಾ ಅವರ ಕೈಯಳತೆ

ಹತ್ತು ಕಿಲೋ ಹಂದಿಮಾಂಸಕ್ಕೆ 200 ಗ್ರಾಂ ಪೋಕೆಲ್‌ಜಾಲ್ಟ್ಸ್. ನಾವು ಕೊಂಡ ಜರ್ಮನ್ ಅಂಗಡಿಯ ಹಳೇ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿತ್ತು. ಪೋಕೆಲ್‌ಜಾಲ್ಟ್ಸ್ ಅಂದರೆ ಮಾಂಸ ಕೆಡದ ಹಾಗೆ ಹಾಕುವ ನೈಟ್ರೈಟ್ ಉಪ್ಪು. ಡಬ್ಬಿಯಲ್ಲಿದ್ದ ಗುಲಾಬಿ ಬಣ್ಣದ ಉಪ್ಪನ್ನು ತಕ್ಕಡಿಗೆ ಸುರಿದೆ. ರಾಶಿ ಯಾಕೋ ಜಾಸ್ತಿ ಅನ್ನಿಸಿತು. ಡಬ್ಬಿ ತಿರುಗಿಸಿ ಓದಿದೆ: 100 ಪೌಂಡ್ ಮಾಂಸಕ್ಕೆ 4 ಔನ್ಸ್. ಅಂದರೆ ಕಿಲೋಗೆ ಬರೀ ಎರಡೂವರೆ ಗ್ರಾಂ! ಕೈಕಾಲು ತಣ್ಣಗಾಯಿತು.

ಆ ನೋಟ್‌ಬುಕ್ ಹಳೇ ಮಾಲೀಕರ ಅಪ್ಪ ಜರ್ಮನಿಯಿಂದ ತಂದದ್ದು. ಅಲ್ಲಿ ಮಾಮೂಲಿ ಉಪ್ಪಿಗೇ ಅರ್ಧ ಪರ್ಸೆಂಟ್‌ನಷ್ಟು ನೈಟ್ರೈಟ್ ಬೆರೆಸಿ ಮಾರುತ್ತಾರೆ. ಕಿಲೋಗೆ 20 ಗ್ರಾಂ ಹಾಕಿದರೆ ಉಪ್ಪೂ ಆಯಿತು, ಕ್ಯೂರಿಂಗೂ ಆಯಿತು. ಅಮೆರಿಕದ ಗುಲಾಬಿ ಉಪ್ಪಿನಲ್ಲಿ ನೈಟ್ರೈಟ್ 6.25 ಪರ್ಸೆಂಟ್. ಇದನ್ನೇ 20 ಗ್ರಾಂ ಹಾಕಿದರೆ ಮಿತಿಗಿಂತ ಎಂಟು ಪಟ್ಟು, ಜನರ ಜೀವಕ್ಕೇ ಕುತ್ತು. ಹಳೇ ಮಾಲೀಕರಿಗೆ ಫೋನ್ ಮಾಡಿದೆ. "ಅದು ಗೊತ್ತಿರೋದೇ ಅಲ್ವಾ?" ಅಂದರು. ಅವರಿಗೆ ಗೊತ್ತಿತ್ತು. ಬರೆದಿಟ್ಟಿರಲಿಲ್ಲ, ಅಷ್ಟೇ.

ನಮ್ಮದು ಅಮೆರಿಕದ ಮಿಲ್ವಾಕಿಯ ಒಂದು ಸಣ್ಣ ಜರ್ಮನ್ ಡೆಲಿ. ಸಾಸೇಜ್, ಹ್ಯಾಮ್, ರೈ ಬ್ರೆಡ್, ಸಾಸಿವೆ, ಸೌರ್‌ಕ್ರೌಟ್ (ಹುಳಿ ಬರಿಸಿದ ಎಲೆಕೋಸು) ಸಿಗುವ ಅಂಗಡಿ. 1840ರ ದಶಕದಿಂದಲೂ ಜರ್ಮನರು ಬಂದು ನೆಲೆಸಿದ ಊರು ಇದು. ಹಳೇ ಮಾಲೀಕರ ಮಕ್ಕಳಿಗೆ ಅಂಗಡಿ ಬೇಡವಾಗಿತ್ತು. ನಮ್ಮವರು ಹತ್ತು ವರ್ಷದಿಂದ ಅಲ್ಲಿಯ ಗಿರಾಕಿ. ನಾನು ವಿರಾಜಪೇಟೆ ಕಡೆಯವಳು, ಪಂದಿಕರಿ ತಿಂದು ಬೆಳೆದವಳು. ಒಲೆಯ ಮೇಲೆ ಹೊಗೆಗೆ ಮಾಂಸ ಒಣಗಿಸುವುದನ್ನೂ ಮನೆಯಲ್ಲೇ ನೋಡಿದ್ದೇನೆ. ಆ ಧೈರ್ಯದಲ್ಲಿ ತಗೊಂಡೆವು. ದುಡ್ಡಿನ ಒಂದು ಪಾಲು ಬ್ಯಾಂಕ್ ಸಾಲ, ಇನ್ನೊಂದು ಪಾಲು ಮಾಲೀಕರಿಗೇ ಕಂತಿನಲ್ಲಿ. ಆರು ತಿಂಗಳು ಅವರು ಬಂದು ಕಲಿಸಬೇಕು ಅಂತ ಕರಾರಿನಲ್ಲಿ ಬರೆಸಿದ್ದೆವು. ನಾವು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಇರಬೇಕು.

ಊರವರೆಲ್ಲ ಅವರನ್ನು ಓಪಾ ಅನ್ನುತ್ತಾರೆ, ಅಂದರೆ ಅಜ್ಜ. ಕಲಿಸುವ ವಿಷಯದಲ್ಲಿ ಓಪಾ ಮಹಾ ಕಷ್ಟದ ಮನುಷ್ಯ. "ಎಷ್ಟು?" ಅಂದರೆ "ಸಾಕಾಗುವಷ್ಟು". "ಯಾವಾಗ ನಿಲ್ಲಿಸಬೇಕು?" ಅಂದರೆ "ಗೊತ್ತಾಗತ್ತೆ". ಗೊತ್ತಾಗಲಿಲ್ಲ. ಜುಲೈ ತಿಂಗಳ ಒಂದು ದಿನ ಲೇಬರ್‌ಕೇಸೆಗೆ ಮಾಂಸ ರುಬ್ಬುತ್ತಿದ್ದೆ. ಹೆಸರಿನ ಅರ್ಥ ಲಿವರ್ ಚೀಸ್. ಜರ್ಮನಿಯ ಬವೇರಿಯಾದ ಲೇಬರ್‌ಕೇಸೆಯಲ್ಲಿ ಎರಡೂ ಇರಲ್ಲ. ಐಸ್ ಹಾಕುತ್ತಾ ಮಾಂಸವನ್ನು ನುಣ್ಣಗೆ ರುಬ್ಬಿ, ಬ್ರೆಡ್ಡಿನ ಹಾಗೆ ಅಚ್ಚಿನಲ್ಲಿ ಬೇಯಿಸುವುದು. ರುಬ್ಬುವಾಗ 12 ಡಿಗ್ರಿ ದಾಟಬಾರದು. ಅವತ್ತು ಐಸ್ ಕಮ್ಮಿ ಬಿತ್ತು, 18ಕ್ಕೆ ಹೋಯಿತು. ಬೆಂದ ಮೇಲೆ ಅಚ್ಚಿನ ತಳದಲ್ಲಿ ಕೊಬ್ಬು ಕೆರೆ ಕಟ್ಟಿತ್ತು, ಮೇಲೆ ಮರಳಿನಂಥ ಮಾಂಸ. ಹನ್ನೆರಡು ಕಿಲೋ ಕಸದ ಬುಟ್ಟಿಗೆ. ವೈಸ್‌ವುರ್ಸ್ಟ್ ಎಂಬ ಬಿಳಿ ಸಾಸೇಜನ್ನು ಕುದಿಯುವ ನೀರಿಗೆ ಹಾಕಿ ಸಿಡಿಸಿದ್ದು ಬೇರೆ ಕಥೆ. ಅದಕ್ಕೆ ಬಿಸಿನೀರು ಸಾಕು, ಕುದಿಯಬಾರದು.

ಆಮೇಲೆ ಬುದ್ಧಿ ಬಂತು. ಓಪಾ ಕೈ ಹಾಕಿದಲ್ಲೆಲ್ಲ ಮೊದಲು ನನ್ನ ತಕ್ಕಡಿ. ಅವರು ಕಾಳುಮೆಣಸಿನ ಪುಡಿ ಮುಷ್ಟಿಯಲ್ಲಿ ತೆಗೆದರೆ, "ತಡೀರಿ" ಅಂತ ಬಟ್ಟಲು ಒಡ್ಡುತ್ತಿದ್ದೆ. ತೂಗಿ, ಬರೆದು, ಆಮೇಲೆ ಮಾಂಸಕ್ಕೆ. ಮೊದಲ ವಾರ ರೇಗಿದರು. ಎರಡನೇ ವಾರ ಅವರೇ ಬಟ್ಟಲು ಹುಡುಕುತ್ತಿದ್ದರು. ಎಲ್ಲವನ್ನೂ ಕಿಲೋಗೆ ಇಷ್ಟು ಗ್ರಾಂ ಅಂತ ಬರೆದುಕೊಂಡೆ. ಬ್ರಾಟ್‌ವುರ್ಸ್ಟ್ ಎಂಬ ಸಾಸೇಜಿಗೆ ಉಪ್ಪು 18. ಅವರ ಮುಷ್ಟಿಯೋ, ಐದು ಸಲ ತೂಗಿದರೂ ಹೆಚ್ಚುಕಮ್ಮಿ ಅಷ್ಟೇ! ಸುಮ್ನೆ ಬೆರಗಾಗಿ ನೋಡಿದ್ದೇನೆ.

ಗಿರಾಕಿಗಳದ್ದು ಇನ್ನೊಂದು ಪರೀಕ್ಷೆ. ಮೊದಲ ಶನಿವಾರ ಒಬ್ಬ ಅಜ್ಜಿ ನಾನು ಕೊಯ್ದ ಹ್ಯಾಮ್ ಹೋಳನ್ನು ಬೆಳಕಿಗೆ ಹಿಡಿದರು. "ಇದು ಚಪ್ಪಲಿಗೆ ಹಾಕೋದಾ ಮಗಳೇ?" ಹ್ಯಾಮಿನ ಆಚೆ ಕಡೆ ಬೆಳಕು ಕಾಣಬೇಕಂತೆ. ಲೇಬರ್‌ಕೇಸೆ ಮಾತ್ರ ಬೆರಳಿನ ದಪ್ಪ. ಈಗ ಕೊಯ್ಯುವ ಮೆಷಿನ್ನಿನ ಮೇಲೆ ಯಾವುದಕ್ಕೆ ಎಷ್ಟು ದಪ್ಪ ಅಂತ ಮಾರ್ಕರ್‌ನಲ್ಲಿ ಬರೆದು ಅಂಟಿಸಿದ್ದೇನೆ. ಕ್ರಿಸ್‌ಮಸ್ ಹೊತ್ತಿಗೆ ಹಸಿ ದನದ ಕೀಮಾ ಬೇಕು ಅಂತ ಬರುತ್ತಾರೆ. ರೈ ಬ್ರೆಡ್ಡಿನ ಮೇಲೆ ಹಸಿಯಾಗೇ ಹಚ್ಚಿ, ಈರುಳ್ಳಿ ಉದುರಿಸಿ ತಿನ್ನುವುದು ಇಲ್ಲಿಯ ರೂಢಿ. ಬೇಡ ಅಂತ ಆರೋಗ್ಯ ಇಲಾಖೆ ಹೇಳುತ್ತಲೇ ಇರುತ್ತದೆ. ನಾನೂ ನಿಲ್ಲಿಸಿದೆ. ಮೂವರು ಹಳೇ ಗಿರಾಕಿಗಳು ಅದಕ್ಕೇ ಬರುವುದು ಬಿಟ್ಟರು. ಬಿಡಲಿ.

ಲಿವರ್ ಸಾಸೇಜ್ ಮಾತ್ರ ಬಹಳ ದಿನ ಕಾಡಿತು. ಅದಕ್ಕೆ ಹಾಕುವ ಮಾರ್ಜೋರಮ್ ನಮ್ಮ ಮರುಗವೇ. ಮಲ್ಲಿಗೆ ದಂಡೆಯಲ್ಲಿ ಸೇರಿಸಿ ಕಟ್ಟುತ್ತಾರಲ್ಲ, ಅದು. ಡಬ್ಬಿ ತೆರೆದ ದಿನ ಮದುವೆ ಮನೆ ನೆನಪಾಗಿ ನಗು ಬಂತು, ಹಂದಿ ಲಿವರ್ ಎದುರಿಗೆ! ನೋಟ್‌ಬುಕ್ಕಿನಲ್ಲಿ ಕಿಲೋಗೆ 1 ಗ್ರಾಂ. ಹಾಗೇ ಮಾಡಿದೆ. "ಓಪಾ ಮಾಡಿದ ಹಾಗಿಲ್ಲ" ಅಂದರು ಎಲ್ಲರೂ. ಅವರ ಮುಷ್ಟಿ ತೂಗಿದರೆ 3 ಗ್ರಾಂ! ಉಪ್ಪಿನಲ್ಲಿ ಒಂದಿಷ್ಟೂ ತಪ್ಪದ ಕೈ ಇಲ್ಲಿ ಮೂರು ಪಟ್ಟು ಹೇಗೆ ಹೋಯಿತು? ಅವರ ಹೆಂಡತಿ ಓಮಾ ನನ್ನನ್ನು ಬದಿಗೆ ಕರೆದರು. "ಅವರಿಗೆ ಹತ್ತು ವರ್ಷದಿಂದ ವಾಸನೆ ಸರಿಯಾಗಿ ಗೊತ್ತಾಗಲ್ಲ. ವರ್ಷ ವರ್ಷ ಚೂರು ಚೂರು ಜಾಸ್ತಿ ಹಾಕ್ತಾ ಬಂದರು. ನಾನು ಹೇಳಲಿಲ್ಲ, ನೀನೂ ಹೇಳಬೇಡ."

ಅವರ ಅಪ್ಪನ ಅಳತೆ 1, ಗಿರಾಕಿಗಳ ನಾಲಿಗೆಗೆ ಹತ್ತಿದ್ದು 3. ನಾನು ಎರಡೂವರೆಗೆ ನಿಲ್ಲಿಸಿದ್ದೇನೆ. ಗಿರಾಕಿಗಳು ತಕರಾರು ಬಿಟ್ಟಿದ್ದಾರೆ. ಓಪಾ ಈಗಲೂ ಶನಿವಾರ ಬರುತ್ತಾರೆ. ಬ್ರೆಡ್ಡಿಗೆ ಹಚ್ಚಿ ಒಂದು ತುತ್ತು ತಿಂದು, "ಮಾರ್ಜೋರಮ್ ಇನ್ನೂ ಸ್ವಲ್ಪ ಬೇಕು" ಅನ್ನುತ್ತಾರೆ.

"ಆಯ್ತು ಓಪಾ, ನಾಳೆ ಹಾಕ್ತೀನಿ" ಅನ್ನುತ್ತೇನೆ.