ಬಾಯಿ ಇಲ್ಲದ ತಲವಾರಿಗೆ ಬಾಯಿ ಬರಿಸಿದ್ದು

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿಯ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಸೋಂದೆಯ ಅರಸ ಬಸವಲಿಂಗ 1715ರಲ್ಲಿ ಅಲ್ಲಿ ಕೋಟೆ ಕಟ್ಟಿಸಿ ತನ್ನ ತಂದೆಯ ಹೆಸರಿಟ್ಟ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು ಪ್ರತಿ ವರ್ಷ ಈ ಕತೆ ಹೇಳುತ್ತೇನೆ. ಆ ಕಾಲದವರು ಸೊಂಟಕ್ಕೆ ಕಟ್ಟುತ್ತಿದ್ದ ತಲವಾರು ಕೈಯಲ್ಲಿ ಹಿಡಿದರೆ ಹೇಗಿರುತ್ತದೆ, ಎಷ್ಟು ಭಾರ, ಎಲ್ಲಿ ತೂಕ ನಿಲ್ಲುತ್ತದೆ ಅಂತ ತಿಳಿಯುವ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು. ಹಳೆಯ ಅಸಲಿ ತಲವಾರು ಕೊಳ್ಳುವ ಶಕ್ತಿ ನನಗಿಲ್ಲ. ಹಾಗಾಗಿ ಕಡಿಮೆ ಬೆಲೆಯ ಪ್ರತಿಕೃತಿ ಹುಡುಕಲು ಹೊರಟೆ.

ಮೊದಲನೆಯದನ್ನು ಆನ್‌ಲೈನಿನಲ್ಲಿ 1,900 ರೂಪಾಯಿಗೆ ಕೊಂಡೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಡಿಗೆ ಹಿತ್ತಾಳೆ ಬಣ್ಣ, ಒರೆಗೆ ಕೆಂಪು ಮಕಮಲ್ಲು. ಹಿತ್ತಲಲ್ಲಿ ಗೊನೆ ಕಡಿದ ಮೇಲೆ ಒಂದು ಬಾಳೆಮರ ನಿಂತಿತ್ತು. ಹೇಗೂ ಕಡಿಯಬೇಕು ಅಲ್ವಾ ಅಂತ ಅದರ ಮೇಲೆ ಬೀಸಿದೆ. ಎರಡನೇ ಏಟಿಗೆ ಹಿಡಿ ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಅಲಗು ತಿರುಗುತ್ತಾ ಹೋಗಿ ತೆಂಗಿನ ಬುಡದ ಹತ್ತಿರ ಬಿತ್ತು. ಐದು ನಿಮಿಷದ ಹಿಂದೆ ಮಕ್ಕಳು ಅಲ್ಲೇ ಆಡುತ್ತಿದ್ದರು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುರಿದದ್ದನ್ನು ಎತ್ತಿಕೊಂಡು ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋದೆ. ಅಮ್ಮನ ತವರು ಅಲ್ಲೇ ಹತ್ತಿರದ ಹಳ್ಳಿ. ಅಲ್ಲಿ ಸೋದರಮಾವನ ತೋಟದ ಕತ್ತಿ, ಕೊಡಲಿ, ಗುದ್ದಲಿ ಎಲ್ಲ ಮಾಡಿಕೊಡುವ ಆಚಾರಿಗಳ ಕುಲುಮೆ ಇದೆ. ಅವರು ಮೊದಲು ಅಲಗು ನೋಡಲಿಲ್ಲ. ಮುರಿದ ಜಾಗವನ್ನೇ ನೋಡಿದರು.

"ಮಾಸ್ತರ್ರೇ, ಅಲಗು ಹೇಗಾದ್ರೂ ಇರ್ಲಿ, ಇದ್ಕೆ ಬಾಲವೇ ಇಲ್ಲ" ಅಂದರು.

ಬಾಲ ಅಂದರೆ ಅಲಗಿನಿಂದ ಮುಂದುವರಿದು ಹಿಡಿಯೊಳಗೆ ಹೋಗುವ ಭಾಗ. ನನ್ನದರಲ್ಲಿ ಅದು ಅಲಗಿನದೇ ಕಬ್ಬಿಣ ಆಗಿರಲಿಲ್ಲ. ಪೆನ್ಸಿಲ್‌ಗಿಂತ ತೆಳುವಾದ ಒಂದು ಬೋಲ್ಟ್ ಕಡ್ಡಿಯನ್ನು ಅಲಗಿನ ತುದಿಗೆ ವೆಲ್ಡ್ ಮಾಡಿ, ಇನ್ನೊಂದು ತುದಿಗೆ ನಟ್ಟು ಬಿಗಿದಿದ್ದರು. ಬೀಸಿದಾಗ ಇಡೀ ಭಾರ ಬೀಳುವುದು ಆ ವೆಲ್ಡಿಂಗ್ ಮೇಲೆ. ಜೊತೆಗೆ ಅಲಗು ಸ್ಟೇನ್‌ಲೆಸ್ ಸ್ಟೀಲಿನದು. ಅಡುಗೆಮನೆಯ ಚಾಕುವಿಗೆ ಅದು ಒಳ್ಳೆಯದೇ. ಆದರೆ ಎರಡು ಅಡಿ ಉದ್ದ ಮಾಡಿ ಬೀಸಿದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಅದಕ್ಕೆ ಸಾಲದು, ಫಟ್ ಅಂತ ಮುರಿಯುತ್ತದೆ. ಗೋಡೆಗೆ ತೂಗು ಹಾಕಲು ಮಾಡಿದ ಮಾಲು ಅದು. ಅಂಥದ್ದಕ್ಕೆ ಹರಿತ ಬರಿಸುವುದು ಅಪಾಯವನ್ನು ಇನ್ನೂ ಜಾಸ್ತಿ ಮಾಡಿದ ಹಾಗೆ.

ನನ್ನ ಹಳೇ ತಿಳುವಳಿಕೆಯೊಂದನ್ನೂ ಆಚಾರಿಗಳು ಅವತ್ತು ತಿದ್ದಿದರು. ಬಾಲ ಹಿಡಿಯ ಕೊನೆಯವರೆಗೂ ಬಂದರೆ ಮಾತ್ರ ಗಟ್ಟಿ ಅಂತ ನಾನು ತಿಳಿದಿದ್ದೆ. ಹಳೆಯ ತಲವಾರುಗಳಲ್ಲಿ ಬಾಲ ಗಿಡ್ಡವೇ. ಲೋಹದ ಹಿಡಿಯೊಳಗೆ ಅರಗಿನಂಥ ಅಂಟು ತುಂಬಿ, ಕಾಯಿಸಿದ ಬಾಲವನ್ನು ಅದರೊಳಗೆ ಇಳಿಸುತ್ತಿದ್ದರು. ನಮ್ಮ ಆಚಾರಿಗಳು ಕತ್ತಿಗೆ ಮರದ ಹಿಡಿ ಕೂರಿಸುವುದೂ ಇದೇ ರೀತಿ. ಉದ್ದಕ್ಕಿಂತ ಮುಖ್ಯವಾದದ್ದು ಬಾಲ ಮತ್ತು ಅಲಗು ಒಂದೇ ಪಟ್ಟಿಯಿಂದ ಬಂದಿರಬೇಕು, ಬಾಲ ಅಗಲವಾಗಿರಬೇಕು, ಎರಡೂ ಸೇರುವ ಮೂಲೆ ಚೂಪಾಗಿ ಕಡಿದ ಹಾಗಿರದೆ ಸ್ವಲ್ಪ ದುಂಡಗಿರಬೇಕು. ಮೂಲೆ ಚೂಪಾಗಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಎರಡನೇ ಸಲ ಕೊಳ್ಳುವಾಗ ಚಿತ್ರ ನೋಡಿ ಮರುಳಾಗಲಿಲ್ಲ. ಮಾರುವವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ಯಾವ ಉಕ್ಕು? ಹದ ಹಾಕಿದ್ದಾರಾ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿದ್ದಾರಾ? ಹಿಡಿ ಬಿಚ್ಚಿದ ಫೋಟೋ ಕಳಿಸುತ್ತೀರಾ? ಮೂವರು ಮಾರಾಟಗಾರರಲ್ಲಿ ಇಬ್ಬರು "ಹೈ ಕ್ವಾಲಿಟಿ ಸ್ಟೀಲ್ ಸರ್" ಅಂದು ಸುಮ್ಮನಾದರು. ಮೂರನೆಯವರು ಇಎನ್ 45 ಅಂದರು, ಫೋಟೋನೂ ಕಳಿಸಿದರು. ಬೆಲೆ 5,200 ರೂಪಾಯಿ. 28 ಇಂಚಿನ ಅಲಗು, ಬಾಯಿ ತೆಗೆಯದ್ದು, ಅಂದರೆ ಅಂಚಿಗೆ ಹರಿತ ಬರಿಸದ್ದು.

ಈ ಹೆಸರುಗಳನ್ನು ಸ್ವಲ್ಪ ತಿಳಿದುಕೊಂಡರೆ ಕೊಳ್ಳುವವರಿಗೆ ತುಂಬಾ ಅನುಕೂಲ. 1045, 1060, 1095 ಅಂತ ಬರೆದಿದ್ದರೆ ಕೊನೆಯ ಎರಡು ಅಂಕಿ ಇಂಗಾಲದ ಪ್ರಮಾಣ ಹೇಳುತ್ತವೆ. 1060 ಅಂದರೆ ಸುಮಾರು ಶೇ. 0.60. ಇಂಗಾಲ ಜಾಸ್ತಿ ಇದ್ದಷ್ಟೂ ಗಡಸು ಮಾಡಬಹುದು, ಆದರೆ ಹದ ತಪ್ಪಿದರೆ ಗಾಜಿನ ಹಾಗೆ ಒಡೆಯುವ ಭಯವೂ ಹೆಚ್ಚು. ಇಎನ್ 45 ಅನ್ನುವುದು ಸಿಲಿಕಾನ್, ಮ್ಯಾಂಗನೀಸ್ ಸೇರಿದ ಸ್ಪ್ರಿಂಗ್ ಉಕ್ಕು, ಗಾಡಿಗಳ ಸ್ಪ್ರಿಂಗ್ ಪ್ಲೇಟುಗಳಿಗೆ ಬಳಸುವಂಥದ್ದು. ಪಾರ್ಸೆಲ್ ಬಿಚ್ಚಿ ಆಚಾರಿಗಳ ಕೈಗೆ ಕೊಟ್ಟಾಗ ಅವರು ಅಲಗನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ಲಾರಿ ಪ್ಲೇಟನ್ನು ತೋರಿಸಿ "ಇದರದೇ ಜಾತಿ" ಅಂದರು. ನಮ್ಮ ಕಡೆ ತೋಟದ ಕತ್ತಿ ಹುಟ್ಟುವುದೂ ಆ ಪ್ಲೇಟಿನಿಂದಲೇ! ನನಗೆ ಆದ ಸಂತೋಷ ಹೇಳತೀರದು. ಸೋಂದೆಯ ಸೈನಿಕನ ತಲವಾರಿಗಿಂತ ಮಾವನ ಅಡಿಕೆ ಕೊನೆ ಕೊಯ್ಯುವ ಕತ್ತಿಗೆ ಇದು ಹತ್ತಿರದ ನೆಂಟ ಅನ್ನಿಸಿತು.

ಹದ ಇದೆಯೋ ಇಲ್ಲವೋ ನೋಡಲು ಅವರು ಅರ (ಫೈಲ್) ತೆಗೆದುಕೊಂಡು ಅಲಗಿನ ಬಾಯಿಯ ಮೂಲೆಗೆ ಒಮ್ಮೆ ಎಳೆದರು. ಅರ ಬೆಣ್ಣೆಗೆ ಕಚ್ಚಿದ ಹಾಗೆ ಕಚ್ಚಿದರೆ ಹದ ಇಲ್ಲ. ಪೂರ್ತಿ ಜಾರಿಬಿಟ್ಟರೆ ವಿಪರೀತ ಗಡಸು. ನನ್ನದರಲ್ಲಿ ಸ್ವಲ್ಪ ಜಾರಿ, ಸ್ವಲ್ಪ ಕಚ್ಚಿತು. ತಲವಾರಿಗೆ ಅಷ್ಟೇ ಬೇಕು. ಆಮೇಲೆ ತುದಿಯನ್ನು ಮರದ ದಿಮ್ಮಿಗೆ ಒತ್ತಿ ನಿಧಾನವಾಗಿ ಬಾಗಿಸಿ ಬಿಟ್ಟರು. ನೆಟ್ಟಗೆ ವಾಪಸು ಬಂತು.

ಬಾಯಿ ತೆಗೆಯುವ ಮುಂಚೆ ಒಂದು ಮಾತು. 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವ ಕತ್ತಿ, ತಲವಾರು ಆಯುಧದ ಪಟ್ಟಿಯಲ್ಲಿ ಬರುತ್ತವೆ. ಮನೆಗೆಲಸ, ಬೇಸಾಯಕ್ಕೆ ಅಂತ ಮಾಡಿದ ಕತ್ತಿಗಳು ಅದರಲ್ಲಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಲ್ಲಿ ಇಂಥದ್ದಕ್ಕೆ ಲೈಸೆನ್ಸ್ ಬೇಕಾಗುತ್ತದೆ. ಆದ್ದರಿಂದ ನಾನು ಕೊಂಡ ರಸೀದಿ ಹಿಡಿದುಕೊಂಡು ಠಾಣೆಗೆ ಹೋಗಿ ವಿಚಾರಿಸಿಯೇ ಮುಂದುವರಿದೆ. ನೀವೂ ಕೇಳಿಕೊಳ್ಳಿ. ಮೆರವಣಿಗೆ, ಜಾತ್ರೆ, ಫೋಟೋ ಅಂತ ಅದನ್ನು ಮನೆಯಿಂದ ಹೊರಗೆ ಒಯ್ಯಲೇಬೇಡಿ.

ಮಸೆಯುವುದನ್ನು ನಾನು ತಲವಾರಿನಿಂದ ಶುರು ಮಾಡಲಿಲ್ಲ. "ತಮಾ, ಮೊದ್ಲು ಕತ್ತಿ ಮಸೆಯದು ಕಲಿ" ಅಂತ ಮಾವ ತಡೆದರು. ಅವರ ಮನೆಯಲ್ಲಿ ಇವತ್ತಿಗೂ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುತ್ತಾರೆ. ಒಂದು ರಜೆಯಲ್ಲಿ ಅವರ ಹಳೆಯ ಕತ್ತಿ, ಅತ್ತೆಯ ಮೆಟ್ಟುಗತ್ತಿ ಎಲ್ಲ ಮಸೆದೆ. ಬೇಗ ಆಗಲಿ ಅಂತ ಒಂದು ಕತ್ತಿಯನ್ನು ಆಂಗಲ್ ಗ್ರೈಂಡರಿಗೆ ಹಿಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿಯ ಅಂಚು ಹುಲ್ಲಿನ ಬಣ್ಣಕ್ಕೆ ತಿರುಗಿ, ನೀಲಿಯಾಗಿ, ಬೂದು ಬಣ್ಣಕ್ಕೆ ಬಂತು. ಹುಲ್ಲಿನ ಬಣ್ಣ ಅಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಅಂದರೆ 300ರ ಆಸುಪಾಸು. ಅದನ್ನೂ ದಾಟಿ ಮೇಲೆ ಹೋದಷ್ಟೂ ಆಚಾರಿ ಹಾಕಿದ ಹದ ಇಳಿಯುತ್ತದೆ. ಆ ಕತ್ತಿ ನಾಲ್ಕು ತೆಂಗಿನ ಹೆಡೆ ಕಡಿಯುವಷ್ಟರಲ್ಲಿ ಸುಟ್ಟ ಜಾಗದಲ್ಲಿ ಮೊಂಡಾಯಿತು. ಅಂಚು ತೆಳು, ಬಿಸಿ ಹೋಗಲು ಅಲ್ಲಿ ಕಬ್ಬಿಣವೇ ಇರುವುದಿಲ್ಲ. ಆವತ್ತೇ ನಿರ್ಧಾರ ಮಾಡಿದೆ, ತಲವಾರಿಗೆ ಕೈಯಿಂದಲೇ ಕೆಲಸ.

ಮೇಜಿನ ಅಂಚಿಗೆ ಒಂದು ಹಲಗೆ, ಅದರ ಮೇಲೆ ಹಳೆಯ ಚಾದರ, ಅದರ ಮೇಲೆ ತಲವಾರು. ಎರಡು ಕ್ಲಾಂಪಿನಿಂದ ಬಿಗಿದೆ. ಬಾಯಿಯ ಕಡೆ ಅಂಚು ಎರಡು ಮಿಲಿಮೀಟರ್ ದಪ್ಪ ಚಪ್ಪಟೆಯಾಗಿತ್ತು. ಅದರ ನಟ್ಟನಡುವೆ ಮಾರ್ಕರ್ ಪೆನ್ನಿನಿಂದ ಉದ್ದಕ್ಕೂ ಗೆರೆ ಎಳೆದೆ. ಎರಡೂ ಬದಿಯಿಂದ ಅರ ಹಾಕುತ್ತಾ ಆ ಗೆರೆಗೆ ಬಂದು ಮುಟ್ಟಬೇಕು. ಕೋನಕ್ಕೆ ಶಾಲೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕವೇ ಸಾಕಾಯಿತು. ಒಂದೊಂದು ಬದಿಗೆ 20 ಡಿಗ್ರಿ ಅಂತ ಅಳೆದು ಮರದ ಸಣ್ಣ ಬೆಣೆ ಕೊರೆದೆ. ಪ್ರತಿ ಹತ್ತು ಎಳೆತಕ್ಕೊಮ್ಮೆ ಅದನ್ನು ಅಲಗಿನ ಮೇಲಿಟ್ಟು ಅರದ ಓರೆ ಸರಿ ಇದೆಯಾ ಅಂತ ನೋಡುತ್ತಿದ್ದೆ. ಅಡುಗೆ ಚಾಕುವಿಗೆ 15 ಡಿಗ್ರಿ ಸಾಕು. ತಲವಾರಿಗೆ ಅಷ್ಟು ತೆಳು ಮಾಡಿದರೆ ಗಟ್ಟಿ ಏನಾದರೂ ತಾಗಿದಾಗ ಬಾಯಿ ಮಡಚಿಕೊಳ್ಳುತ್ತದೆ.

ಹಿಡಿಯ ಹತ್ತಿರದ ನಾಲ್ಕು ಇಂಚು ಮುಟ್ಟಲಿಲ್ಲ. ಅಲ್ಲಿ ಹರಿತ ಬೇಕಾಗಿಲ್ಲ, ಬೆರಳು ಜಾರಿದರೆ ಕೊಯ್ಯುವುದೊಂದೇ ಲಾಭ. ಕೆಲಸ ಮಾಡದ ಭಾಗಕ್ಕೆಲ್ಲ ಟೇಪು ಸುತ್ತಿದ್ದೆ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ವಾಪಸು ಎಳೆಯುವಾಗ ಎತ್ತಬೇಕು, ಇಲ್ಲದಿದ್ದರೆ ಅರದ ಹಲ್ಲು ಹಾಳು. ಶಾಲೆ ಬಿಟ್ಟು ಬಂದು ದಿನಾ ಒಂದು ಗಂಟೆಯಂತೆ ಎಂಟು ಸಂಜೆ ಹಿಡಿಯಿತು. ಒಂದು ಬದಿಗೆ ಐವತ್ತು ಎಳೆತ ಆದರೆ ಇನ್ನೊಂದು ಬದಿಗೂ ಅಷ್ಟೇ. ಲೆಕ್ಕ ತಪ್ಪಿದರೆ ಬಾಯಿ ಮಧ್ಯದಿಂದ ಸರಿಯುತ್ತದೆ.

ಅರದ ಗೀರು ಹೋಗಲು ನೀರು ಹಾಕಿ ಉಜ್ಜುವ ಕಪ್ಪು ಎಮರಿ ಕಾಗದ. 220 ನಂಬರಿನಿಂದ ಶುರು ಮಾಡಿ 400, 800, ಕೊನೆಗೆ 1200; ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಕಾಗದದ ಕೆಳಗೆ ಏನು ಇಡುತ್ತೀರಿ ಅನ್ನುವುದು ಇಲ್ಲಿ ಬಹಳ ಮುಖ್ಯ. ಮರದ ತುಂಡು ಇಟ್ಟರೆ ಅಂಚು ಚಪ್ಪಟೆ ಬರುತ್ತದೆ. ನಾನು ಸವೆದ ಹವಾಯಿ ಚಪ್ಪಲಿಯ ತುಂಡು ಇಟ್ಟೆ. ರಬ್ಬರ್ ಸ್ವಲ್ಪ ಒತ್ತಿಕೊಳ್ಳುವುದರಿಂದ ಕಾಗದ ಅಲಗಿಗೆ ಅಪ್ಪಿಕೊಳ್ಳುತ್ತದೆ. ಅರ ಬಿಟ್ಟ ಮೂಲೆ ಕರಗಿ, ಬಾಯಿಯ ಹಿಂದೆ ಮೀನಿನ ಹೊಟ್ಟೆಯಂಥ ಉಬ್ಬು ಉಳಿಯುತ್ತದೆ. ಬೀಸುವ ಅಲಗಿಗೆ ಆ ಉಬ್ಬೇ ಬಲ. ಕಾಗದವನ್ನು ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೆ, ಹೊರಗೆ ಎಳೆಯಬೇಕು. ಎದುರು ತಳ್ಳಿದರೆ ಕಾಗದ, ಚಪ್ಪಲಿ, ಬೆರಳು ಮೂರೂ ಸಿಗಿಯುತ್ತವೆ. ಕೈಗೆ ದಪ್ಪ ಗವಸು ಹಾಕಿಕೊಳ್ಳಿ. ನೀರು ಧಾರಾಳವಾಗಿ ಬಳಸಿ, ಧೂಳು ಏಳುವುದಿಲ್ಲ.

ಒಂದು ಬದಿ ಮುಗಿದಿದೆ ಅಂತ ಗೊತ್ತಾಗುವುದು ಹೇಗೆ? ಆಚೆ ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದರೆ ಕೂದಲೆಳೆಯಷ್ಟು ದೊರಗು ತಾಗುತ್ತದೆ. ಉದ್ದಕ್ಕೂ ಅದು ತಾಗಿದರೆ ಆ ಬದಿ ಆಯಿತು. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ! ಈ ದೊರಗು ಹೋಗುವವರೆಗೂ ಹರಿತ ಬರೀ ತೋರಿಕೆ. ಹಳೆಯ ಚರ್ಮದ ಬೆಲ್ಟಿಗೆ ಲೋಹ ಉಜ್ಜುವ ಹಸಿರು ಪಾಲಿಶ್ ತಿಕ್ಕಿ, ಎರಡೂ ಕಡೆ ಬದಲಿಸುತ್ತಾ ಇಪ್ಪತ್ತಿಪ್ಪತ್ತು ಸಲ ಎಳೆದೆ. ಆಮೇಲೆ ದೀಪದ ಕೆಳಗೆ ಬಾಯಿಯನ್ನು ನೇರ ಕಣ್ಣಿಗೆ ಹಿಡಿದು ನೋಡಬೇಕು. ಹರಿತವಾದ ಬಾಯಿ ಕಾಣುವುದೇ ಇಲ್ಲ. ಎಲ್ಲಿ ಬೆಳಕು ಮಿಣುಕುತ್ತದೋ ಅಲ್ಲಿ ಇನ್ನೂ ಮೊಂಡು.

ತುಕ್ಕಿನ ವಿಷಯ ಕರಾವಳಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಸಂಜೆ ಮುಟ್ಟಿದ ಬೆರಳ ಗುರುತು ಬೆಳಿಗ್ಗೆಗೆ ಕೆಂಪಗೆ ಎದ್ದಿರುತ್ತದೆ. ದಿನಾ ಬಳಸುವ ಕತ್ತಿಗೆ ಕೊಬ್ಬರಿ ಎಣ್ಣೆ ಆದೀತು. ತಿಂಗಳುಗಟ್ಟಲೆ ಇಡುವುದಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆಯೇ ವಾಸಿ, ಅಂಟಾಗುವುದಿಲ್ಲ. ಚರ್ಮದ ಒರೆಯೊಳಗೆ ಹಾಕಿ ಮರೆತುಬಿಡಬೇಡಿ, ಚರ್ಮ ಪಸೆ ಹಿಡಿದುಕೊಳ್ಳುತ್ತದೆ. ನನ್ನದು ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಬೀಗ ಹಾಕಿದ ಕಪಾಟಿನಲ್ಲಿದೆ.

ಕೊನೆಗೆ ಮತ್ತೆ ಹಿತ್ತಲಿನ ಬಾಳೆ. ಈ ಸಲ ಮಕ್ಕಳನ್ನು ಒಳಗೆ ಕೂರಿಸಿ, ಬಾಗಿಲು ಹಾಕಿಸಿ, ಬೂಟು ಹಾಕಿಕೊಂಡು ನಿಂತೆ. ಹಿಡಿ ಅಲುಗುತ್ತದೆಯಾ ಅಂತ ಎರಡು ಸಲ ನೋಡಿದೆ. ಕೈ ಬೆವರು ಒರೆಸಿದೆ. ಬಲ ಹಾಕಲಿಲ್ಲ. ಓರೆಯಾಗಿ ಬೀಸಿ, ಮುಟ್ಟುವ ಹೊತ್ತಿಗೆ ತುಸು ಎಳೆದೆ, ಅಷ್ಟೇ. ಒದ್ದೆ ಬಟ್ಟೆ ಹರಿದ ಹಾಗೆ ಒಂದು ಸದ್ದು. ದಿಂಡಿನ ಒಳಗಿನ ಬಿಳಿ ಪದರಗಳು ಒಂದೂ ಜಜ್ಜಿಹೋಗದೆ, ಜೇನುಗೂಡಿನ ಹಾಗೆ ಕಾಣುತ್ತಿದ್ದವು. ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ.

ಬಾಳೆಯ ರಸ ಉಕ್ಕನ್ನು ಕಪ್ಪು ಮಾಡುತ್ತದೆ, ತಕ್ಷಣ ತೊಳೆದು ಒರೆಸಬೇಕು. ಒರೆಸುವಾಗ ತುದಿಯಿಂದ ಆರಿಂಚು ಹಿಂದೆ ಬಟ್ಟೆಯ ನೂಲು ಸಿಕ್ಕಿಕೊಂಡಿತು. ದೀಪಕ್ಕೆ ಹಿಡಿದರೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಬೆಳಕು ಮಿಣುಕಿತು. ಐದನೇ ಸಂಜೆ ಕರೆಂಟು ಹೋದಾಗ ಬೆಣೆ ಇಡದೆ ಅರ ಎಳೆದ ಜಾಗ ಅದು. 400ರ ಕಾಗದ, ಚಪ್ಪಲಿ ತುಂಡು ಮತ್ತೆ ಹೊರಗೆ ತೆಗೆದಿಟ್ಟಿದ್ದೇನೆ. ಈ ಭಾನುವಾರ ಅದಕ್ಕೆ ಕೂರಬೇಕು.